ರಮ್ ಕಾರ್ಯಾಗಾರಕ್ಕೆ ದುಡ್ಡು ಕಟ್ಟುವ ಮೊದಲು ಸೀಸೆಯ ಲೆಕ್ಕ ಕೇಳಿ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪ್ರವಾಸ ಪುರವಣಿಯಲ್ಲಿ ಬಂದ ರಮ್ ಕಾರ್ಯಾಗಾರಗಳ ಕುರಿತ ಬರಹದಲ್ಲಿ ‘ಮೂರು ಗಂಟೆಯಲ್ಲಿ ನಿಮ್ಮದೇ ರಮ್’ ಎಂಬ ಜಾಹೀರಾತಿನ ಮಾತು ಇದ್ದ ಹಾಗೇ ಅಚ್ಚಾಗಿದೆ. ಮೂರು ಗಂಟೆಯಲ್ಲಿ ರಮ್ ಆಗುವುದಿಲ್ಲ. ಹುದುಗು ಬರುವುದಕ್ಕೇ ಕಡಿಮೆಯೆಂದರೂ ಒಂದೆರಡು ದಿನ ಬೇಕು, ಎರಡು ಸಲ ಬಟ್ಟಿ ಇಳಿಸುವುದಕ್ಕೆ ಬೆಳಗಿನಿಂದ ಸಂಜೆಯವರೆಗೆ ಹಿಡಿಯುತ್ತದೆ, ಪೀಪಾಯಿಯದಂತೂ ವರ್ಷಗಳ ಮಾತು. ಮೂರು ಗಂಟೆಯಲ್ಲಿ ಮಾಡಬಹುದಾದ ಕೆಲಸ ಎರಡೇ. ಬೇರೆಯವರು ಮಾಡಿಟ್ಟ ರಮ್‌ಗಳನ್ನು ಬೆರೆಸಬಹುದು, ಮೂಸಿ ರುಚಿ ನೋಡಬಹುದು. ಅವೆರಡೂ ಕಲಿಯತಕ್ಕ ಕೆಲಸಗಳೇ. ಆದರೆ ‘ತಯಾರಿಕೆ’ ಎಂಬ ಹೆಸರಿಗೆ ಬೇರೆ ದರ ಹಚ್ಚುವಾಗ ಓದುಗರಿಗೆ ವ್ಯತ್ಯಾಸ ಗೊತ್ತಿರಬೇಕು.

ಅದಕ್ಕೊಂದು ಸರಳ ಲೆಕ್ಕವಿದೆ, ಮುಂಗಡ ಕಟ್ಟುವ ಮೊದಲೇ ಮಾಡಿಕೊಳ್ಳಬಹುದು. ಪಾಠಕ್ಕೆಂದು ಇಡುವ ತಾಮ್ರದ ಹಂಡೆ 40 ಲೀಟರಿನದು ಎಂದಿಟ್ಟುಕೊಳ್ಳಿ. ಕುದಿಯುವಾಗ ನೊರೆ ಉಕ್ಕುವುದರಿಂದ ಮುಕ್ಕಾಲು ಪಾಲು, ಅಂದರೆ 30 ಲೀಟರ್ ಮಾತ್ರ ತುಂಬುತ್ತಾರೆ. ಕಬ್ಬಿನ ಹಾಲಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವೇ ಕಾಕಂಬಿ; ಅದನ್ನು ಕರಗಿಸಿ ಹುದುಗಿಸಿದ ನೀರಿಗೆ ಕೆಲಸದವರು ವಾಶ್ ಎನ್ನುತ್ತಾರೆ. ಅದರಲ್ಲಿ ಮದ್ಯಸಾರ ಶೇ 8ರ ಆಸುಪಾಸು. ಅಲ್ಲಿಗೆ ಹಂಡೆಯಲ್ಲಿರುವ ಶುದ್ಧ ಮದ್ಯಸಾರ 2.4 ಲೀಟರ್. ಮೊದಲ ಬಟ್ಟಿಯಲ್ಲಿ ಸುಮಾರು ಶೇ 27ರ ಎಂಟು ಲೀಟರ್ ಇಳಿಯುತ್ತದೆ. ಅದನ್ನೇ ಮತ್ತೆ ಹಂಡೆಗೆ ಸುರಿದು ಎರಡನೇ ಸಲ ಇಳಿಸಿ, ಮೊದಲು ಇಳಿಯುವ ‘ತಲೆ’, ಕೊನೆಗೆ ಇಳಿಯುವ ‘ಬಾಲ’ ತೆಗೆದರೆ ಉಳಿಯುವ ನಡುಭಾಗ ಶೇ 68ರದು, ಹೆಚ್ಚೆಂದರೆ ಒಂದೂಮುಕ್ಕಾಲು ಲೀಟರ್. ನೀರು ಬೆರೆಸಿ ಶೇ 43ಕ್ಕೆ ತಂದಾಗ ಮೂರು ಲೀಟರಿಗೂ ಕಮ್ಮಿ. 750 ಮಿಲಿಲೀಟರಿನ ನಾಲ್ಕು ಸೀಸೆಯೂ ಭರ್ತಿಯಾಗುವುದಿಲ್ಲ. ಹತ್ತು ಜನರ ತಂಡಕ್ಕೆ ಹತ್ತು ತುಂಬಿದ ಸೀಸೆ ಹಂಚಿ ‘ಇದು ಈ ಹಂಡೆಯದೇ’ ಎಂದರೆ ಸೀಸೆಯಲ್ಲಿರುವುದು ಬೇರೆ ಕಡೆಯ ಮಾಲು. ಹಾಗೆಂದು ಅದು ಕೆಟ್ಟದ್ದೇನಲ್ಲ. ಬಹಳ ಸಲ ಆ ದಿನ ಹಂಡೆಯಿಂದ ಇಳಿದದ್ದಕ್ಕಿಂತ ಚೆನ್ನಾಗಿಯೇ ಇರುತ್ತದೆ.

ಹಂಡೆಯಲ್ಲಿ ಕೆಲಸ ನಡೆಯುತ್ತಿರುವುದನ್ನು ನೋಡಬೇಕೆಂದರೆ ಹೋಗುವ ಕಾಲವೂ ಸರಿಯಾಗಿರಬೇಕು. ಮಾರ್ಟಿನೀಕ್ ದ್ವೀಪದಲ್ಲಿ ಕಬ್ಬಿನ ಹಾಲಿನಿಂದಲೇ ರಮ್ ಮಾಡುತ್ತಾರೆ. 1996ರಿಂದ ಅದಕ್ಕೆ ಫ್ರೆಂಚ್ ಸರ್ಕಾರದ ಮೂಲಸ್ಥಾನ ಮಾನ್ಯತೆಯಿದೆ. ಕಡಿದ ಕಬ್ಬು ಬೇಗ ಹುಳಿಯುತ್ತದೆ, ಕೂಡಿಡುವ ಹಾಗಿಲ್ಲ. ಹೀಗಾಗಿ ಅಲ್ಲಿ ಗಾಣ, ಹುದುಗು, ಬಟ್ಟಿ ಮೂರೂ ಕಟಾವಿನ ಜೊತೆಗೇ ನಡೆಯುತ್ತವೆ, ಹೆಚ್ಚಾಗಿ ಫೆಬ್ರುವರಿಯಿಂದ ಜೂನ್‌ವರೆಗೆ. ಅಕ್ಟೋಬರಿನಲ್ಲಿ ಹೋದವರಿಗೆ ತೊಳೆದಿಟ್ಟ ಯಂತ್ರವೂ ಅಂಗಡಿಯೂ ಕಾಣುತ್ತವೆ. ಕಾಕಂಬಿ ಹಾಗಲ್ಲ. ಅದರಲ್ಲಿ ಸಕ್ಕರೆ ಅಷ್ಟು ದಟ್ಟವಾಗಿರುವುದರಿಂದ ತಿಂಗಳುಗಟ್ಟಲೆ ಕೆಡುವುದಿಲ್ಲ. ಜಮೈಕಾ, ಬಾರ್ಬಡೋಸ್, ಗಯಾನಾಗಳ ಕಾಕಂಬಿ ಬಟ್ಟಿಗಳು ಆದ್ದರಿಂದಲೇ ಕಟಾವಿಗೆ ಅಷ್ಟಾಗಿ ಕಟ್ಟುಬಿದ್ದಿಲ್ಲ. ಆದರೂ ದುರಸ್ತಿಗೆಂದು ವಾರಗಟ್ಟಲೆ ನಿಲ್ಲಿಸುವುದುಂಟು. ‘ನಾವು ಬರುವ ದಿನ ಬಟ್ಟಿ ಉರಿಯುತ್ತಿರುತ್ತದೆಯೇ’ ಎಂದು ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.

ಇನ್ನು ಕೆಲಸದ ಮಾತು. ಮೇಲೆ ಹೇಳಿದ 30 ಲೀಟರಿಗೆ ಬೇಕಾಗುವುದು ಒಂಬತ್ತು ಕೆಜಿ ಕಾಕಂಬಿ, 24 ಲೀಟರ್ ನೀರು. ಕಾಕಂಬಿಯಲ್ಲಿ ಹುದುಗಬಲ್ಲ ಸಕ್ಕರೆ ಅರ್ಧದಷ್ಟಿರುತ್ತದೆ. ನೀರಿನ ಒಂದು ಪಾಲನ್ನು 70 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅದರಲ್ಲಿ ಕಾಕಂಬಿ ಕರಗಿಸಿ, ಉಳಿದದ್ದನ್ನು ತಣ್ಣಗೇ ಸೇರಿಸಿದರೆ ಬೇಗ ಆರುತ್ತದೆ. ಈಗ ಬ್ರಿಕ್ಸ್, ಅಂದರೆ ದ್ರವದಲ್ಲಿ ಕರಗಿದ ಸಕ್ಕರೆ ಮುಂತಾದವುಗಳ ಶೇಕಡಾ ಅಳತೆ, 22ರ ಹತ್ತಿರ ಬರಬೇಕು. ಸಿಟ್ರಿಕ್ ಆಮ್ಲ ಹಾಕಿ ಪಿಎಚ್ 5ರ ಒಳಗೆ ತಂದರೆ ಕೆಡಿಸುವ ಬ್ಯಾಕ್ಟೀರಿಯಾಗಳ ಹಾವಳಿ ತಗ್ಗುತ್ತದೆ, ಯೀಸ್ಟಿಗೆ ತೊಂದರೆಯಿಲ್ಲ. ಒಣ ಯೀಸ್ಟ್ ಲೀಟರಿಗೆ ಒಂದು ಗ್ರಾಮಿನ ಲೆಕ್ಕದಲ್ಲಿ 30 ಗ್ರಾಂ. ಅದನ್ನು 35 ಡಿಗ್ರಿಯ ನೀರಿನಲ್ಲಿ ಕಾಲು ಗಂಟೆ ನೆನೆಸಿ, ದ್ರವ 32 ಡಿಗ್ರಿಗೆ ಇಳಿದ ಮೇಲೆ ಹಾಕಬೇಕು. ಹುದುಗುವಾಗ ತಾನಾಗಿಯೇ ಬಿಸಿಯೇರುತ್ತದೆ. 38 ಡಿಗ್ರಿ ದಾಟಿತೆಂದರೆ ಯೀಸ್ಟ್ ಸುಸ್ತಾಗಿ ಕೆಲಸ ನಿಲ್ಲಿಸುತ್ತದೆ. ಹೆಚ್ಚು ಮದ್ಯಸಾರದ ಆಸೆಗೆ ಕಾಕಂಬಿಯನ್ನು ದಪ್ಪಗೆ ಕಲೆಸುವವರಿದ್ದಾರೆ. ಅಷ್ಟು ಸಕ್ಕರೆ, ಅಷ್ಟು ಲವಣದ ನಡುವೆ ಯೀಸ್ಟಿನ ಜೀವಕೋಶದೊಳಗಿನ ನೀರೇ ಹೊರಕ್ಕೆ ಎಳೆಯಲ್ಪಟ್ಟು, ಹುದುಗು ಅರ್ಧಕ್ಕೆ ನಿಲ್ಲುತ್ತದೆ.

ಇಲ್ಲೊಂದು ಕಡೆ ಕಲಿಯುವವರೆಲ್ಲ ಎಡವುತ್ತಾರೆ. ಸಕ್ಕರೆ ನೀರಿನ ಹುದುಗಾದರೆ, ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಸೊನ್ನೆಗೆ ಇಳಿಯುತ್ತದೆ. ಕಾಕಂಬಿಯಲ್ಲಿ ಹುದುಗದ ಪದಾರ್ಥ ಬಹಳ, ಆದ್ದರಿಂದ ಕೆಲಸ ಪೂರ್ತಿ ಮುಗಿದಾಗಲೂ ಅದು ಏಳೆಂಟು ಬ್ರಿಕ್ಸ್ ತೋರಿಸುತ್ತಲೇ ಇರುತ್ತದೆ. ಹುದುಗು ನಿಂತುಹೋಯಿತೆಂದು ಗಾಬರಿಯಾಗಿ ಇನ್ನಷ್ಟು ಯೀಸ್ಟ್ ಸುರಿಯುವುದು ದಂಡ. ಒಂದು ದಿನದ ಅಂತರದಲ್ಲಿ ಎರಡು ಸಲ ಅಳೆಯಿರಿ. ಅಂಕಿ ಅಲ್ಲೇ ಇದ್ದು, ಗುಳ್ಳೆ ಏಳುವುದು ನಿಂತಿದ್ದರೆ ಮುಗಿಯಿತೆಂದೇ ಅರ್ಥ. ನಿಜಕ್ಕೂ ಮೊದಲ ದಿನದಿಂದಲೇ ಏನೂ ನಡೆಯದಿದ್ದರೆ ಕಾಕಂಬಿಯ ಡಬ್ಬಿ ನೋಡಬೇಕು: ದನದ ಮೇವಿಗೆಂದು ಮಾರುವ ಕೆಲವು ಕಾಕಂಬಿಗೆ ಬೂಸ್ಟು ಹಿಡಿಯದಿರಲೆಂದು ಸಂರಕ್ಷಕ ಬೆರೆಸಿರುತ್ತಾರೆ. ಅದು ಬೂಸ್ಟಿನ ಜೊತೆ ಯೀಸ್ಟನ್ನೂ ತಡೆಯುತ್ತದೆ.

ಹಗುರ ರಮ್ಮಿಗೆ ಒಂದೆರಡು ದಿನದ ಹುದುಗು ಸಾಕು. ಜಮೈಕಾದ ಭಾರಿ ರಮ್ಮುಗಳ ಕಥೆ ಬೇರೆ. ಅಲ್ಲಿನ ಟ್ರೆಲಾನಿ ಪ್ರಾಂತ್ಯದ ಹ್ಯಾಂಪ್ಡನ್ ಎಸ್ಟೇಟಿನಲ್ಲಿ ಯೀಸ್ಟನ್ನು ಹೊರಗಿನಿಂದ ಹಾಕುವುದೇ ಇಲ್ಲ, ಮರದ ತೊಟ್ಟಿಗಳಲ್ಲೂ ಗಾಳಿಯಲ್ಲೂ ಇರುವುದೇ ಕೆಲಸ ಮಾಡುತ್ತದೆ. ಬಟ್ಟಿ ಇಳಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಹುಳಿ ಗಷ್ಟಿಗೆ ಡಂಡರ್ ಎಂದು ಹೆಸರು, ಅದನ್ನೂ ಸೇರಿಸಿ ವಾರಗಟ್ಟಲೆ ಬಿಡುತ್ತಾರೆ. ಬ್ಯಾಕ್ಟೀರಿಯಾಗಳು ಹುಟ್ಟಿಸಿದ ಆಮ್ಲ ಮದ್ಯಸಾರದ ಜೊತೆ ಕೂಡಿ ಎಸ್ಟರ್ ಎಂಬ ಪರಿಮಳದ ಪದಾರ್ಥವಾಗುತ್ತದೆ. ತೊಟ್ಟಿಯ ಹತ್ತಿರ ಹೋದರೆ ವಾಂತಿಯ ವಾಸನೆ, ಬಟ್ಟಿ ಇಳಿದ ಮೇಲೆ ಅನಾನಸ್ಸಿನ ಘಮ! ಬ್ಯುಟಿರಿಕ್ ಆಮ್ಲ ಈಥೈಲ್ ಬ್ಯುಟಿರೇಟ್ ಆಗುವುದರ ಫಲ ಇದು. ನೂರು ಲೀಟರ್ ಶುದ್ಧ ಮದ್ಯಸಾರಕ್ಕೆ ಇಷ್ಟು ಗ್ರಾಂ ಎಂದು ಎಸ್ಟರನ್ನು ಅಳೆಯುತ್ತಾರೆ. ಜಮೈಕಾದಲ್ಲಿ ಮೇಲಿನ ಮಿತಿ 1600 ಗ್ರಾಂ. ಅಂಥದ್ದನ್ನು ಹಾಗೇ ಕುಡಿಯುವುದಕ್ಕೆಂದು ಮಾಡುವುದು ಕಮ್ಮಿ, ಮಿಶ್ರಣಕ್ಕೆ ಹಾಕುವುದೇ ಹೆಚ್ಚು.

ಕಾರ್ಯಾಗಾರದ ಜೀವ ಇರುವುದು ಎರಡನೇ ಬಟ್ಟಿಯಲ್ಲಿ, ಅಲ್ಲಿ ತಲೆ, ನಡು, ಬಾಲ ಕತ್ತರಿಸುವ ಹೊತ್ತಿನಲ್ಲಿ. ಸಮಯವಿಲ್ಲವೆಂದು ಇದನ್ನೇ ಹಾರಿಸುವ ಕಡೆಗೆ ಹೋಗಬೇಡಿ.

ಕೆಲಸ ನಡೆಯುವ ಬಗೆ ಹೀಗೆ. ಉರಿ ಸಣ್ಣಗಿರುತ್ತದೆ. ಆವಿಯನ್ನು ತಣಿಸಿ ದ್ರವ ಮಾಡುವ ಕಂಡೆನ್ಸರಿನ ಬಾಯಿಂದ ಬರುವ ಧಾರೆ ಪೆನ್ಸಿಲ್ ಮುಳ್ಳಿಗಿಂತ ದಪ್ಪವಾಗಬಾರದು, ಮುಟ್ಟಿದರೆ ತಣ್ಣಗಿರಬೇಕು. ಮೇಜಿನ ಮೇಲೆ ಹದಿನೈದಿಪ್ಪತ್ತು ಗಾಜಿನ ಜಾಡಿ, ಒಂದೊಂದಕ್ಕೂ ಸಂಖ್ಯೆ, ಒಂದೊಂದರಲ್ಲೂ 150ರಿಂದ 200 ಮಿಲಿಲೀಟರ್ ಹಿಡಿಯುತ್ತಾ ಹೋಗುತ್ತಾರೆ. ಎಂಟು ಲೀಟರ್ ಹಾಕಿದ್ದರೆ ಮೊದಲ 100 ಮಿಲಿಲೀಟರನ್ನು ಯಾರೂ ಮೂಸಿ ನಿರ್ಧರಿಸುವುದಿಲ್ಲ, ಸೀದಾ ಚೆಲ್ಲುತ್ತಾರೆ. ಆಮೇಲಿನ ಎರಡು ಜಾಡಿ ತಲೆ: ನೇಲ್ ಪಾಲಿಶ್ ತೆಗೆಯುವ ದ್ರವದ ಘಾಟು, ಹಸಿ ಸೇಬಿನ ಚುರುಕು. ಮೊದಲನೆಯದು ಈಥೈಲ್ ಅಸಿಟೇಟ್, ಎರಡನೆಯದು ಅಸಿಟಾಲ್ಡಿಹೈಡ್. ನಾಲ್ಕನೇ ಜಾಡಿಯ ಹೊತ್ತಿಗೆ ಘಾಟು ಹಿಂದೆ ಸರಿದು ಹಣ್ಣಿನ, ಕಾಯಿಸಿದ ಸಕ್ಕರೆಯ ಪರಿಮಳ ಮುಂದೆ ಬರುತ್ತದೆ. ಶೇ 75ರ ಸುಮಾರಿಗೆ ಶುರುವಾದ ನಡುಭಾಗ ಶೇ 60ರ ಹತ್ತಿರ ಮುಗಿಯುತ್ತದೆ ಎನ್ನುವುದು ಅಂದಾಜು ಮಾತ್ರ. ಬಾಲದ ಸುಳಿವು ಸಿಗುವುದು ಮೂಗಿಗೆ: ಒದ್ದೆ ರಟ್ಟು, ನೆನೆದ ನಾಯಿ, ಹಳೆಯ ಎಣ್ಣೆಯ ಕಮಟು. ಎರಡು ತೊಟ್ಟು ಅಂಗೈಗೆ ಹಾಕಿ ಉಜ್ಜಿ, ಮದ್ಯಸಾರ ಹಾರಿಹೋಗುವಷ್ಟು ಹೊತ್ತು ಬಿಟ್ಟು ಮೂಸಿದರೆ ಬಾಲ ಅಡಗಿಕೊಳ್ಳಲಾರದು.

ಆಗತಾನೇ ಹಿಡಿದ ಜಾಡಿ ಮೂಸಿ ತೀರ್ಪು ಕೊಡುವುದು ಅವಸರ. ಬಾಯಿಗೆ ತೆಳುಬಟ್ಟೆ ಕಟ್ಟಿ ಒಂದು ರಾತ್ರಿ ಬಿಟ್ಟರೆ ಹಾರುವ ಘಾಟು ಹಾರಿ, ಉಳಿಯುವುದು ಮಾತ್ರ ಉಳಿಯುತ್ತದೆ. ಮರುದಿನ ಪ್ರತಿಯೊಂದರಿಂದ ಒಂದು ಚಮಚ ತೆಗೆದು, ಒಂದೂವರೆ ಚಮಚ ನೀರು ಬೆರೆಸಿ ಮೂಸುತ್ತಾರೆ. ಶೇ 70ರ ದ್ರವ ಮೂಗನ್ನು ಸುಡುತ್ತದೆ, 30ರ ಆಸುಪಾಸಿಗೆ ಇಳಿಸಿದಾಗ ಒಳಗಿನದೆಲ್ಲ ಹೊರಬರುತ್ತದೆ. ಒಂದೇ ದಿನದ ಕಾರ್ಯಾಗಾರದಲ್ಲಿ ಇದಕ್ಕೆ ಬಿಡುವೆಲ್ಲಿ ಎನ್ನಬಹುದು. ಬಲ್ಲ ಕಲಿಸುವವರು ಹಿಂದಿನ ದಿನದ ಜಾಡಿಗಳನ್ನು ಎತ್ತಿಟ್ಟಿರುತ್ತಾರೆ. ಇಡೀ ಸಾಲನ್ನು ಮುಂದಿಟ್ಟು ‘ಎಲ್ಲಿಂದ ಎಲ್ಲಿಯವರೆಗೆ ಇಟ್ಟುಕೊಳ್ಳುತ್ತೀರಿ’ ಎಂದು ಕೇಳುವವರು ಸಿಕ್ಕರೆ ಕೊಟ್ಟ ದುಡ್ಡು ಅಲ್ಲಿಗೇ ವಸೂಲಾಯಿತು. ಬಾಲದ ಅಂಚಿನ ಒಂದೆರಡು ಜಾಡಿಯನ್ನು ಸೇರಿಸಿಕೊಳ್ಳುವುದೋ ಬಿಡುವುದೋ ಎಂಬುದರಲ್ಲಿ ಬಲ್ಲವರೂ ಒಮ್ಮತಕ್ಕೆ ಬರುವುದಿಲ್ಲ. ಸ್ವಲ್ಪ ಬಾಲವಿಲ್ಲದ ರಮ್ ಪೀಪಾಯಿಯಲ್ಲಿ ಸಪ್ಪೆಯಾಗುತ್ತದೆ ಎಂಬ ಪಕ್ಷ ನಮ್ಮದು.

ಧಾರೆಯ ಕೆಳಗೆ ಗಿಳಿಕೊಕ್ಕಿನಂಥ ಮೂತಿಯಿರುವ ಒಂದು ಪಾತ್ರೆ ಇಟ್ಟಿರುತ್ತಾರೆ, ಹೆಸರೂ ಪ್ಯಾರಟ್. ಹೈಡ್ರೋಮೀಟರ್ ಅದರೊಳಗೆ ತೇಲುತ್ತಾ ತೀಕ್ಷ್ಣತೆ, ಅಂದರೆ ಮದ್ಯಸಾರದ ಶೇಕಡಾ ಪ್ರಮಾಣ, ತೋರಿಸುತ್ತದೆ. ನೋಡಲು ಚೆಂದ, ಆದರೆ ಎರಡು ತಕರಾರು. ಪಾತ್ರೆಯಲ್ಲಿ ಹಳೆಯ ದ್ರವ ಉಳಿದೇ ಇರುವುದರಿಂದ ಅಂಕಿ ನಿಜಕ್ಕಿಂತ ಹಿಂದೆ ಬೀಳುತ್ತದೆ. ತಲೆಯ ಕೊನೆ ನಡುಭಾಗದ ಮೊದಲ ಜಾಡಿಗೆ ಬೆರೆತುಹೋಗುತ್ತದೆ. ಕತ್ತರಿಸುವ ಹೊತ್ತಿಗೆ ಅದನ್ನು ಒಮ್ಮೆ ಬರಿದು ಮಾಡಬೇಕು. ಎರಡನೆಯದು ಬಿಸಿಯ ತಕರಾರು. ಮದ್ಯದ ಹೈಡ್ರೋಮೀಟರುಗಳಲ್ಲಿ ಬಹುಪಾಲು 20 ಡಿಗ್ರಿಗೆ ಹೊಂದಿಸಿದವು. ದ್ರವ 30 ಡಿಗ್ರಿಯಿದ್ದರೆ ಸುಮಾರು ನಾಲ್ಕು ಅಂಶ ಹೆಚ್ಚೇ ತೋರಿಸುತ್ತದೆ.

ಮೊದಲ ತೊಟ್ಟುಗಳು ‘ಕಣ್ಣು ಕಳೆಯುವ ಮೆಥನಾಲ್’, ಅದನ್ನು ಚೆಲ್ಲಿದರೆ ಉಳಿದದ್ದೆಲ್ಲ ಸುರಕ್ಷಿತ ಎಂದು ನಿಮ್ಮ ಬರಹದಲ್ಲಿದೆ. ಕಾರ್ಯಾಗಾರಗಳಲ್ಲೂ ಇದೇ ಮಾತು ನಡೆಯುತ್ತದೆ. ಮೆಥನಾಲ್ ಹುಟ್ಟುವುದು ಮುಖ್ಯವಾಗಿ ಹಣ್ಣಿನ ಅಂಟುಪದಾರ್ಥವಾದ ಪೆಕ್ಟಿನ್‌ನಿಂದ; ಕಬ್ಬಿನ ಕಾಕಂಬಿಯಲ್ಲಿ ಪೆಕ್ಟಿನ್ ತೀರ ಕಡಿಮೆ. ಮೆಥನಾಲ್ ಕುದಿಯುವುದು 64.7 ಡಿಗ್ರಿಗೆ, ಕುಡಿಯುವ ಮದ್ಯಸಾರವಾದ ಎಥನಾಲ್ 78.3ಕ್ಕೆ ಎಂಬುದು ನಿಜವೇ. ಆದರೆ ನೀರಿನೊಡನೆ ಬೆರೆತಿರುವಾಗ ಅದು ಮೊದಲು ಹೊರಟು ಖಾಲಿಯಾಗುವುದಿಲ್ಲ, ಬಟ್ಟಿ ಇಳಿಯುವ ಉದ್ದಕ್ಕೂ ಸ್ವಲ್ಪಸ್ವಲ್ಪ ಬರುತ್ತಲೇ ಇರುತ್ತದೆ. ತಲೆ ತೆಗೆಯುವುದು ಘಾಟಿಗಾಗಿ, ತಲೆನೋವಿನ ಅಸಿಟಾಲ್ಡಿಹೈಡಿಗಾಗಿ. ಕಳ್ಳಭಟ್ಟಿ ದುರಂತಗಳ ದೊಡ್ಡ ಕಾರಣ, ಕಾರ್ಖಾನೆಯ ಮೆಥನಾಲನ್ನು ಯಾರೋ ತಂದು ಬೆರೆಸುವುದು. ಅದನ್ನು ತಲೆ ತೆಗೆದು ಸರಿಪಡಿಸಲಾಗದು, ಮೂಸಿ ಪತ್ತೆಹಚ್ಚಲೂ ಆಗದು. ಊರೂರು ಸುತ್ತುವಾಗ ಸೀಲಿಲ್ಲದ ಸೀಸೆಯ ಅಗ್ಗದ ಮಾಲು ಬೇಡ ಎನ್ನುವುದು ಇದಕ್ಕೇ. ಕುಡಿದ ಹಲವು ಗಂಟೆಗಳ ಮೇಲೆ ಕಣ್ಣು ಮಂಜಾದರೆ, ಉಸಿರಾಟ ಜೋರಾದರೆ ಆಸ್ಪತ್ರೆಗೆ ಓಡಬೇಕು, ಬೆಳಗಾಗಲೆಂದು ಕಾಯಬಾರದು.

ಹಂಡೆ ತಾಮ್ರದ್ದಾಗಿರುವುದು ಅಂದಕ್ಕಲ್ಲ. ಹುದುಗಿನಲ್ಲಿ ಹುಟ್ಟುವ ಗಂಧಕದ ದುರ್ವಾಸನೆಯನ್ನು ತಾಮ್ರ ಹಿಡಿದಿಟ್ಟುಕೊಳ್ಳುತ್ತದೆ. ಪೂರ್ತಿ ಉಕ್ಕಿನ ಹಂಡೆಯಲ್ಲಿ ಇಳಿಸಿದ್ದು ಬೆಂದ ಮೊಟ್ಟೆಯ ವಾಸನೆ ಹೊಡೆದರೆ ಅಚ್ಚರಿಯಿಲ್ಲ. ಒಳಗೆ ಹಸಿರು ಕಿಲುಬು ಕಂಡರೆ ಅದನ್ನು ಸಿಟ್ರಿಕ್ ಆಮ್ಲದಲ್ಲಿ ತೊಳೆದೇ ಮುಂದಿನ ಕೆಲಸ. ಬೆಸುಗೆ ಎಂಥದ್ದೆಂದು ಕೇಳುವುದು ಒರಟುತನವಾಗದು. ಸೀಸದ ಕೊಳವೆ, ಸೀಸದ ಬೆಸುಗೆಯಿಂದ ಹೊಟ್ಟೆಶೂಲೆ, ಕೈಕಾಲು ಸೋಲುವುದು ಹೆಚ್ಚಿ, ಮೆಸಾಚುಸೆಟ್ಸ್ ವಸಾಹತಿನಲ್ಲಿ 1723ರಲ್ಲೇ ಬಟ್ಟಿಗೆ ಸೀಸ ಬಳಸಬಾರದೆಂದು ಕಾನೂನು ಬಂತು. ಅಲಂಕಾರಕ್ಕೆ ಕೊಂಡ ಹಳೆಯ ಹಂಡೆಯಲ್ಲಿ ಕೆಲಸ ತೋರಿಸುವ ಕಡೆ ಇವತ್ತಿಗೂ ಈ ಪ್ರಶ್ನೆ ಹಳತಾಗಿಲ್ಲ.

ಎರಡು ಅವಘಡಗಳ ಮೇಲೆ ಕಣ್ಣಿಡಿ. ಗಷ್ಟು ಸೋಸದ ವಾಶನ್ನು ವಿದ್ಯುತ್ ಸುರುಳಿಯಿಂದ ಕಾಯಿಸಿದರೆ ಸುರುಳಿಗೆ ಹತ್ತಿದ ಕಾಕಂಬಿ ಸೀಯುತ್ತದೆ. ಆ ಸೀದ ವಾಸನೆ ಎರಡನೇ ಬಟ್ಟಿಯಲ್ಲೂ ಹೋಗುವುದಿಲ್ಲ. ಇದು ರುಚಿ ಕೆಡಿಸುವ ತಪ್ಪು, ಮುಂದಿನದು ಮನುಷ್ಯರನ್ನೇ ಕೆಡಿಸುವುದು. ತಣ್ಣೀರಿನ ಹರಿವು ನಿಂತರೆ ಆವಿ ದ್ರವವಾಗದೆ ಹಾಗೇ ಹೊರಬಂದು ಮೇಜಿನ ಮಟ್ಟದಲ್ಲಿ ಹರಡುತ್ತದೆ. ಶೇ 40ರ ಮದ್ಯದ ಆವಿಯೂ 26 ಡಿಗ್ರಿಯ ಸುಮಾರಿನಲ್ಲಿ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ಹಗಲಿನಲ್ಲಿ ಆ ಜ್ವಾಲೆ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ಧಾರೆ ಹಿಡಿಯುವ ಜಾಗಕ್ಕೂ ಒಲೆಗೂ ನಡುವೆ ಅಂತರವಿರಬೇಕು, ನಂದಿಸುವ ಸಿಲಿಂಡರ್ ಕಣ್ಣೆದುರಿಗಿರಬೇಕು. ಸಾಂಪ್ರದಾಯಿಕ ಹಂಡೆಗಳ ಸಂದಿಗೆ ಹಿಟ್ಟಿನ ಕಣಕ ಮೆತ್ತುವುದನ್ನು ಕಂಡು ನಗುವವರುಂಟು. ನೊರೆ ಏರಿ ಕೊಳವೆ ಕಟ್ಟಿಕೊಂಡರೆ ಮೊದಲು ಕಿತ್ತುಬರುವುದು ಆ ಕಣಕ. ಅದು ಬಡವರ ಸೇಫ್ಟಿ ವಾಲ್ವ್. ಬೋಲ್ಟು ಹಾಕಿ ಬಿಗಿದ ಮುಚ್ಚಳಕ್ಕಿಂತ ಅದರ ಹತ್ತಿರ ನಿಲ್ಲುವುದೇ ಮೇಲು.

ಜಮೈಕಾ ಮಾದರಿಯ ಕೆಲವು ಹಂಡೆಗಳಿಗೆ ರಿಟಾರ್ಟ್ ಎಂಬ ಎರಡು ಚಿಕ್ಕ ಪಾತ್ರೆ ಜೋಡಿಸಿರುತ್ತಾರೆ. ಅಂಥಲ್ಲಿ ಒಂದೇ ಸಲಕ್ಕೆ ಎರಡು ಮೂರು ಬಟ್ಟಿಯ ಕೆಲಸ ಮುಗಿಯುವುದರಿಂದ ಮೇಲಿನ ಅಂಕಿಗಳು ಹೊಂದುವುದಿಲ್ಲ. ಗಯಾನಾದ ಡೈಮಂಡ್ ಡಿಸ್ಟಿಲರಿಯಲ್ಲಂತೂ ಮರದ ಹಂಡೆಗಳೇ ಇವೆ, ಮರದ ಕಾಫಿ ಸ್ಟಿಲ್ ಸಹ. ಈ ಕಾಫಿ ಕುಡಿಯುವ ಕಾಫಿಯಲ್ಲ, 1830ರಲ್ಲಿ ನಿರಂತರವಾಗಿ ಬಟ್ಟಿ ಇಳಿಸುವ ಕಾಲಮ್ ಸ್ಟಿಲ್‌ಗೆ ಪೇಟೆಂಟ್ ಪಡೆದ ಈನಿಯಸ್ ಕಾಫಿ.

ನೀರು ಬೆರೆಸುವುದನ್ನು ನಿಮ್ಮ ಕೈಯಲ್ಲಿ ಮಾಡಿಸುವುದಾದರೆ ಲೆಕ್ಕ ಸುಲಭ, ಕೆಲಸ ನಿಧಾನ. ಶೇ 68ರ ಒಂದು ಲೀಟರನ್ನು 43ಕ್ಕೆ ಇಳಿಸಿದರೆ 1.58 ಲೀಟರ್ ಆಗಬೇಕು. 580 ಮಿಲಿಲೀಟರ್ ನೀರು ಸಾಕೆನಿಸುತ್ತದೆ, ಸಾಲದು. ನೀರೂ ಮದ್ಯಸಾರವೂ ಕೂಡಿದಾಗ ಗಾತ್ರ ಕುಗ್ಗುತ್ತದೆ. ಐವತ್ತಕ್ಕೆ ಐವತ್ತು ಕೂಡಿಸಿದರೆ ಸಿಗುವುದು 96–97 ಮಾತ್ರ. ಖನಿಜ ತೆಗೆದ ನೀರನ್ನೇ ಬಳಸಿ, ನಾಲ್ಕಾರು ಕಂತಿನಲ್ಲಿ ಹಾಕಿ, ಪ್ರತಿ ಕಂತಿಗೂ ಅಳೆಯಬೇಕು. ಗಡಸು ನೀರಾದರೆ ತಳದಲ್ಲಿ ಬಿಳಿ ಗಷ್ಟು ನಿಲ್ಲುತ್ತದೆ. ಶುದ್ಧ ನೀರಿನಲ್ಲೂ ಹಾಲುಬಣ್ಣದ ಮಬ್ಬು ಬಂದರೆ ಬಾಲದ ಕೊಬ್ಬಿನಂಶ ಹೆಚ್ಚು ಸೇರಿದೆ ಎಂದರ್ಥ.

ಇನ್ನು ಮಿಶ್ರಣದ ಕಾರ್ಯಾಗಾರ. ನಿಮ್ಮ ಮುಂದೆ ನಾಲ್ಕೈದು ಸೀಸೆ, 100 ಮಿಲಿಲೀಟರಿನ ಅಳತೆ ಕೊಳವೆ, ಹನಿ ಅಳೆದು ಹಾಕುವ ಪಿಪೆಟ್. ಎಲ್ಲರೂ ಮಾಡುವ ತಪ್ಪು, ತಮಗೆ ಇಷ್ಟವಾದದ್ದನ್ನೆಲ್ಲ ಸಮಸಮ ಸುರಿಯುವುದು. ಒಂದರ ಪರಿಮಳವನ್ನು ಇನ್ನೊಂದು ನುಂಗಿ, ಕೊನೆಗೆ ಯಾವುದೂ ಉಳಿಯುವುದಿಲ್ಲ. ಶೇ 70–80ರಷ್ಟು ಒಂದು ಹದವಾದ ಹಗುರ ರಮ್ ಇಟ್ಟುಕೊಂಡು, ಮರದ ಗುಣಕ್ಕೆ ಶೇ 15–20ರಷ್ಟು ಹಳೆಯದು ಸೇರಿಸಿ, ಹೆಚ್ಚು ಎಸ್ಟರಿನ ಭಾರಿ ರಮ್ ಇದ್ದರೆ ಒಂದೊಂದೇ ಮಿಲಿಲೀಟರ್ ಹಾಕಿ ನೋಡಬೇಕು. ನೂರರಲ್ಲಿ ಒಂದೆರಡು ಭಾಗ ಸಾಕಾಗಿ ಹೋಗುತ್ತದೆ, ಐದು ಹಾಕಿದರೆ ಬೇರೇನೂ ಕೇಳಿಸುವುದಿಲ್ಲ. ಸೀಸೆಗಳ ತೀಕ್ಷ್ಣತೆ ಬೇರೆಬೇರೆಯಾಗಿದ್ದರೆ ಹೋಲಿಸುವ ಮೊದಲು ಒಂದೇ ಮಟ್ಟಕ್ಕೆ ತನ್ನಿ. ಇಲ್ಲವಾದರೆ ಯಾವುದು ಖಾರವೋ ಅದೇ ಗೆಲ್ಲುತ್ತದೆ. ಬೆರೆಸಿದ ಮೇಲೆ ಹತ್ತು ನಿಮಿಷ ಬಿಡಿ. ಅಳತೆ ಬರೆದಿಡದೆ ಮಾಡಿದ ಒಳ್ಳೆಯ ಮಿಶ್ರಣ ಮತ್ತೆ ಸಿಗುವುದಿಲ್ಲ.

ಎರಡು ಲೀಟರಿನ ಪುಟ್ಟ ಪೀಪಾಯಿಯಲ್ಲಿ ತುಂಬಿ ಮನೆಗೆ ಕಳಿಸುವ ಹೊಸ ಚಾಳಿಯೂ ಇದೆ. 200 ಲೀಟರಿನ ಪೀಪಾಯಿಗೆ ಹೋಲಿಸಿದರೆ ಇದರಲ್ಲಿ ಪ್ರತಿ ಲೀಟರಿಗೆ ತಾಗುವ ಮರದ ಮೈ ಸುಮಾರು 4.6 ಪಟ್ಟು. ಬಣ್ಣ, ಒಗರು ಕೆಲವೇ ವಾರದಲ್ಲಿ ಇಳಿಯುತ್ತವೆ. ಮರದ ಸಂದಿನಿಂದ ಗಾಳಿಯಾಡಿ ಕಾಲಕಾಲಕ್ಕೆ ಆಗಬೇಕಾದ ಪಾಕ ಮಾತ್ರ ಅಷ್ಟು ಬೇಗ ಆಗುವುದಿಲ್ಲ. ಒಗರು ಚಹಾದಂತಾಗುವ ಮೊದಲೇ, ವಾರಕ್ಕೊಮ್ಮೆ ರುಚಿ ನೋಡಿ ಗಾಜಿಗೆ ಬಗ್ಗಿಸಿ. ತುಂಬುವ ಮೊದಲು ಒಂದೆರಡು ದಿನ ನೀರು ತುಂಬಿಟ್ಟು ಹಲಗೆ ಉಬ್ಬಿಸದಿದ್ದರೆ ರಮ್ ನೆಲದ ಪಾಲು.

ಬಣ್ಣ ಕಂಡು ವಯಸ್ಸು ಹೇಳುವುದೂ ನಿಮ್ಮ ಬರಹದಲ್ಲಿತ್ತು. ಕಪ್ಪು ಬಣ್ಣ ಕ್ಯಾರಮೆಲ್‌ನದೂ ಇರಬಹುದು. ಪೀಪಾಯಿಯಲ್ಲಿ ಇಟ್ಟ ಎಷ್ಟೋ ರಮ್ಮುಗಳನ್ನು ಇದ್ದಿಲಿನಲ್ಲಿ ಸೋಸಿ ಬೆಳ್ಳಗೆ ಮಾಡುತ್ತಾರೆ. ‘ವರ್ಷ’ ಎಂಬ ಮಾತಿಲ್ಲದೆ ಬರೀ ದೊಡ್ಡ ಸಂಖ್ಯೆ ಅಚ್ಚಾಗಿದ್ದರೆ ಅದನ್ನು ವಯಸ್ಸೆಂದು ಎಣಿಸಬೇಡಿ. ಸಿಹಿಯ ವಿಷಯಕ್ಕೆ ಬಂದರೆ, ಬಟ್ಟಿಯಿಂದ ಇಳಿದ ರಮ್ಮಿನಲ್ಲಿ ಸಕ್ಕರೆ ಇರುವುದೇ ಇಲ್ಲ, ಆಮೇಲೆ ಹಾಕಿದ್ದೇ. ಯುರೋಪಿನ ಒಕ್ಕೂಟದ 2019ರ ನಿಯಮದಂತೆ ಲೀಟರಿಗೆ 20 ಗ್ರಾಮಿನವರೆಗೆ ಸಿಹಿ ಸೇರಿಸಬಹುದು. ಸಕ್ಕರೆ ಕರಗಿ ದ್ರವ ದಟ್ಟವಾದಷ್ಟೂ ಅಂಕಿ ಇಳಿಯುವುದರಿಂದ ಹೈಡ್ರೋಮೀಟರ್ ಇದನ್ನು ಹೊರಗೆಡಹುತ್ತದೆ: ಚೀಟಿಯಲ್ಲಿ ಶೇ 40, 20 ಡಿಗ್ರಿಯಲ್ಲಿ ಅಳೆದರೆ 36 ಬಂತೆಂದರೆ ಅಂಶಕ್ಕೆ ಸುಮಾರು 4 ಗ್ರಾಮಿನಂತೆ ಲೀಟರಿಗೆ 16 ಗ್ರಾಮಿನಷ್ಟು ಸಕ್ಕರೆ ಕರಗಿದೆ. ಕಾರ್ಯಾಗಾರದಲ್ಲಿ ಹೇಗೂ ಹೈಡ್ರೋಮೀಟರ್ ಇರುತ್ತದೆ, ಎರಡು ಸೀಸೆ ಅಳೆದು ತೋರಿಸಿ ಎಂದು ಕೇಳಿ. ಮುಖ ನೋಡಿದರೇ ತಿಳಿಯುತ್ತದೆ.

ರುಚಿ ನೋಡುವಾಗ ಗ್ಲಾಸಿನ ಬಾಯಿ ಕಿರಿದಾಗಿರಲಿ, 15 ಮಿಲಿಲೀಟರಿಗಿಂತ ಹೆಚ್ಚು ಬೇಡ. ಮೂಗನ್ನು ಗ್ಲಾಸಿನೊಳಗೆ ತೂರಿಸದೆ ಅಂಚಿನ ಮೇಲೆ ಹಿಡಿದು, ಬಾಯಿ ಸ್ವಲ್ಪ ತೆರೆದು ಉಸಿರೆಳೆಯಿರಿ. ಹಗುರದಿಂದ ಭಾರಿಗೆ ಹೋಗಬೇಕು. ಶೇ 63ರದನ್ನು ಮೊದಲು ಕುಡಿದವರಿಗೆ ಉಳಿದವೆಲ್ಲ ನೀರು. ಮೊದಲ ಗುಟುಕು ನಾಲಿಗೆಯನ್ನು ಒಗ್ಗಿಸುವುದಕ್ಕೆ, ಎರಡನೆಯದರ ಮೇಲೆ ತೀರ್ಮಾನ. ಆಮೇಲೆ ಕೆಲವು ತೊಟ್ಟು ನೀರು ಹಾಕಿ ಮತ್ತೆ ಮೂಸಿ. ಸರಾಸರಿ ಶೇ 50ರ ಆರು ಮಾದರಿ ನುಂಗಿದರೆ ಹೊಟ್ಟೆಗೆ ಹೋದ ಶುದ್ಧ ಮದ್ಯಸಾರ 35 ಗ್ರಾಂ. ಉಗುಳುವ ಪಾತ್ರೆ ಇಡದ ಕಡೆ ಅದನ್ನು ಕೇಳಿ ಪಡೆಯಿರಿ, ವಾಹನದ ಕೀಲಿ ಬೇರೆಯವರ ಕೈಯಲ್ಲಿರಲಿ.

ನಡುವೆ ಸಿಡಿಮದ್ದಿಗೆ ರಮ್ ಸುರಿದು ಬೆಂಕಿ ಹಚ್ಚುವ ಪ್ರದರ್ಶನ ಇರುತ್ತದೆ. ಶೇ 57ಕ್ಕಿಂತ ಕಮ್ಮಿಯಾದರೆ ಹೊತ್ತಿಕೊಳ್ಳದು, ಬ್ರಿಟಿಷ್ ನಾವಿಕರು ಹೀಗೇ ಪರೀಕ್ಷಿಸುತ್ತಿದ್ದರು, ಅದೇ ‘ನೇವಿ ಸ್ಟ್ರೆಂತ್’, ಅಂದರೆ ನೌಕಾಪಡೆಯ ತೀಕ್ಷ್ಣತೆ, ಎಂಬ ಕಥೆ. ತಮಾಷೆಗೆ ಸರಿ. ಬ್ರಿಟನ್ನಿನಲ್ಲಿ 1816ರಿಂದಲೇ ತೆರಿಗೆಗೆ ಸೈಕ್ಸ್ ಹೈಡ್ರೋಮೀಟರ್ ಬಂದಿತ್ತು, ಬೆಂಕಿಯ ಪರೀಕ್ಷೆ ಬೇಕಿರಲಿಲ್ಲ. ನೌಕಾಪಡೆ ತನ್ನವರಿಗೆ ಅಳೆಯುತ್ತಿದ್ದ ರಮ್ ಶೇ 54.5ರದು, ಆ ದಿನನಿತ್ಯದ ಪಡಿ ನಿಂತದ್ದು 1970ರ ಜುಲೈ 31ರಂದು.

ಕಲಿತು ಬಂದ ಉತ್ಸಾಹದಲ್ಲಿ ಮನೆಯಲ್ಲಿ ಹಂಡೆ ಹೂಡುವುದು ಬಹುತೇಕ ದೇಶಗಳಲ್ಲಿ ಅಪರಾಧ. ಸ್ವಂತ ಬಳಕೆಗೆ ಬಟ್ಟಿ ಇಳಿಸಲು ಬಿಟ್ಟಿರುವ ನ್ಯೂಜಿಲೆಂಡ್ ಅಪವಾದ, ಅದೂ 1996ರಿಂದ. ಪುರವಣಿಯಲ್ಲಿ ಈ ಒಂದು ಸಾಲು ಇರಬೇಕಿತ್ತು.

ಕೊನೆಯದಾಗಿ ಸಾಮಾನಿನ ವಿಷಯ. ವಿಮಾನದಲ್ಲಿ ಶೇ 70 ದಾಟಿದ ಮದ್ಯಕ್ಕೆ ಜಾಗವೇ ಇಲ್ಲ, ಲಗೇಜಿನಲ್ಲೂ ಇಲ್ಲ. ಶೇ 24ರಿಂದ 70ರವರೆಗಿನದು ಒಬ್ಬರಿಗೆ ಐದು ಲೀಟರ್, ಅದೂ ಅಂಗಡಿಯಲ್ಲಿ ಮಾರುವ ರೀತಿಯ ಮುಚ್ಚಿದ ಸೀಸೆಯಲ್ಲಿ. ಪಿಪೆಟ್ಟಿನಿಂದ ತುಂಬಿ, ಬಿರಡೆ ಒತ್ತಿ, ಮೇಲೊಂದು ಚೀಟಿ ಅಂಟಿಸಿದ್ದು ಈ ಲೆಕ್ಕಕ್ಕೆ ಬರುತ್ತದೆಂದು ನಂಬಬೇಡಿ. ಸೀಲ್ ಯಂತ್ರವಿದೆಯೇ, ಚೀಟಿಯಲ್ಲಿ ತೀಕ್ಷ್ಣತೆ ಅಚ್ಚು ಮಾಡುತ್ತಾರೆಯೇ, ರಸೀದಿ ಕೊಡುತ್ತಾರೆಯೇ ಎಂದು ಹೊರಡುವ ಮೊದಲೇ ಕೇಳಿಕೊಳ್ಳಿ. ಕಂಠಮಟ್ಟ ತುಂಬಿಸಬೇಡಿ, ಬಿಸಿಲಿಗೆ ದ್ರವ ಹಿಗ್ಗಿ ಬಿರಡೆ ಎತ್ತುತ್ತದೆ. ಕಾರ್ಕಿನ ಬಿರಡೆಯಾದರೆ ಮನೆಗೆ ಬಂದ ಮೇಲೆ ಸೀಸೆಯನ್ನು ನೆಟ್ಟಗೆ ನಿಲ್ಲಿಸಿಡಿ. ವೈನಿನಂತೆ ಮಲಗಿಸಿದರೆ ಮದ್ಯಸಾರ ಕಾರ್ಕನ್ನು ತಿಂದು, ಪುಡಿಪುಡಿಯಾಗಿ ರಮ್ಮಿನಲ್ಲಿ ತೇಲುತ್ತದೆ.

ಇಂತಿ,
ಬಟ್ಟಿ ಕೆಲಸ ಬಲ್ಲ ಇಬ್ಬರು ಓದುಗರು